ಜರ್ಮನಿಯ ಶಾಲೆ, ನಮ್ಮ ಬಾಯಿಪಾಠ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಎರ್ಲಾಂಗೆನ್‌ಗೆ ಬರುತ್ತಿದ್ದೀರಿ. ಯಜಮಾನರಿಗೆ ಅಲ್ಲಿ ಕೆಲಸ, ಮಗಳಿಗೆ 8 ವರ್ಷ. ಬಾಡಿಗೆ ಹೇಗೆ, ಸೋನಾ ಮಸೂರಿ ಸಿಗುತ್ತಾ, ಚಳಿ ತಡೆಯೋಕಾಗುತ್ತಾ ಅಂತೆಲ್ಲ ಕೇಳಿ, ಕೊನೆಗೆ ಇದನ್ನು ಸೇರಿಸಿದ್ದೀಯ: ‘ಅಲ್ಲಿ ಬಾಯಿಪಾಠವೇ ಇಲ್ವಂತೆ, ಅರ್ಥ ಆದ್ರೆ ಸಾಕಂತೆ, ನಿಜಾನಾ? ಇವಳು ಇಲ್ಲಿ ಕ್ಲಾಸಿಗೇ ಫಸ್ಟು. ಆದ್ರೆ ಎಲ್ಲಾ ಉರು ಹೊಡೆದೇ ಬರೆಯೋದು. ಕಷ್ಟ ಆಗಲ್ವಾ? ಟ್ಯೂಷನ್ ಇಡಬೇಕಾ?’

ಮೊದಲಿನದ್ದೆಲ್ಲ ಬೇಗ ಮುಗಿಸುತ್ತೇನೆ. ಅಕ್ಕಿ ಸಿಗುತ್ತದೆ. ಸೊಗಡಿನ ಅವರೆಕಾಯಿ ಸಿಗುವುದಿಲ್ಲ, ಮರೆತುಬಿಡು. ಚಳಿ ಬಟ್ಟೆ ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ತೊಗೋ. ಬಾಡಿಗೆ ಜಾಹೀರಾತಿನಲ್ಲಿ ‘ಕಾಲ್ಟ್’ ಅಂತಿದ್ದರೆ ಹೀಟರ್ ಖರ್ಚು ಬೇರೆ, ‘ವಾರ್ಮ್’ ಅಂತಿದ್ದರೆ ಸೇರಿಸಿ. ಅಡುಗೆಮನೆ ಇದೆಯಾ ಅಂತ ಮರೆಯದೆ ಕೇಳು. ನಗಬೇಡ. ಇಲ್ಲಿ ಎಷ್ಟೋ ಬಾಡಿಗೆ ಮನೆಗಳ ಅಡುಗೆಕೋಣೆಯಲ್ಲಿ ಸಿಂಕೂ ಇರುವುದಿಲ್ಲ, ಗೋಡೆಯಿಂದ ಹೊರಟ ಪೈಪು ಮಾತ್ರ.

ಇನ್ನು ಬಾಯಿಪಾಠದ ವಿಷಯ. ಅದಕ್ಕೆ ನನ್ನ ಕಥೆಯನ್ನೇ ಹೇಳಬೇಕು.

ನಾನು ಎಂ.ಎಸ್. ಓದಲು ಬಂದದ್ದು 2003ರ ಅಕ್ಟೋಬರ್‌ನಲ್ಲಿ. ನಮ್ಮಲ್ಲಿ ಎಂಜಿನಿಯರಿಂಗ್ ಹೇಗೆ ಓದುತ್ತಿದ್ದೆವು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಪ್ರಶ್ನೆಪತ್ರಿಕೆ, ಸೀನಿಯರ್‌ಗಳ ಜೆರಾಕ್ಸ್ ನೋಟ್ಸ್, ಪರೀಕ್ಷೆಯ ಹಿಂದಿನ ರಾತ್ರಿ ಫ್ಲಾಸ್ಕಿನಲ್ಲಿ ಕಾಫಿ. ನಾನು ಅದರಲ್ಲಿ ಗಟ್ಟಿಗಿತ್ತಿ. ಇಡೀ ಪುಟ ಹಾಗೇ ಇಳಿಸುತ್ತಿದ್ದೆ. ಎಡಗಡೆ ಚಿತ್ರ ಎಲ್ಲಿತ್ತು ಅನ್ನುವುದೂ ನೆನಪಿರುತ್ತಿತ್ತು.

ಫೆಬ್ರವರಿಯಲ್ಲಿ ಇಲ್ಲಿನ ಮೊದಲ ಮೌಖಿಕ ಪರೀಕ್ಷೆ. ಪ್ರೊಫೆಸರ್ ಒಂದು ಪ್ಲಾಸ್ಟಿಕ್ ಸ್ಕೇಲ್ ತೆಗೆದು, ಅರ್ಧ ಮೇಜಿನ ಹೊರಗೆ ಚಾಚುವಂತೆ ಒತ್ತಿ ಹಿಡಿದು, ತುದಿಯನ್ನು ಬೆರಳಿನಿಂದ ಅದುಮಿದರು. ಇದು ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಸೂತ್ರ ಏನು ಅಂದರು. ಪಿ ಎಲ್ ಕ್ಯೂಬ್ ಬೈ ತ್ರೀ ಇ ಐ. ತಟ್ಟನೆ ಹೇಳಿದೆ. ‘ಸರಿ, ಅಷ್ಟೇ ಬಲ ಹಾಕಿ, ಹೊರಗೆ ಚಾಚಿದ ಭಾಗವನ್ನು ಎರಡರಷ್ಟು ಉದ್ದ ಮಾಡಿದರೆ?’ ಎರಡರಷ್ಟು ಬಾಗುತ್ತದೆ ಅಂದೆ. ಎಂಟರಷ್ಟು! ಎಲ್ ಅಂದರೆ ಉದ್ದ, ಅದರ ಕ್ಯೂಬ್ ಅಂತ ನನ್ನ ಬಾಯಲ್ಲೇ ಈಗಷ್ಟೇ ಬಂದಿತ್ತು. ಆಮೇಲೆ ಅವರು ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಮತ್ತೆ ಅದುಮಿದರು. ಅದು ಅಲ್ಲಾಡಲಿಲ್ಲ. ‘ಈಗ ಯಾಕೆ ಬಾಗುತ್ತಿಲ್ಲ?’

ನಾನು ಸೂತ್ರದ ನಿರೂಪಣೆಯನ್ನು ಶುರುವಿನಿಂದ ಒಪ್ಪಿಸತೊಡಗಿದೆ. ಅವರು ನಿಲ್ಲಿಸಿ ಅದೇ ಪ್ರಶ್ನೆ ಕೇಳಿದರು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಉರು ಹೊಡೆದವರ ಪಾಡು ಅದೇ ಅಲ್ವಾ, ಮಧ್ಯದಿಂದ ಹೇಳೋಕೆ ಬರೋಲ್ಲ.

ಫೇಲ್. ಜನ್ಮದಲ್ಲಿ ಮೊದಲ ಸಲ. ಹಾಸ್ಟೆಲಿನ ರೂಮಿಗೆ ಬಂದು ಬಿದ್ದುಕೊಂಡಾಗ ನೆನಪಾಗಿದ್ದು ತಿಪಟೂರಿನ ಅಜ್ಜನ ಮನೆಯ ಅಟ್ಟ. ಅದರ ಜಂತೆಗಳನ್ನೆಲ್ಲ ಅಂಚಿನ ಮೇಲೆ ನಿಲ್ಲಿಸಿಯೇ ಕೂರಿಸಿದ್ದರು, ಒಂದನ್ನೂ ಅಗಲಕ್ಕೆ ಮಲಗಿಸಿರಲಿಲ್ಲ. ಅದನ್ನು ಮಾಡಿದ ಆಚಾರಿ ಶಾಲೆಯ ಮುಖ ನೋಡಿದವರಲ್ಲ. ಬಲ ಬೀಳುವ ದಿಕ್ಕಿನಲ್ಲಿ ದಪ್ಪ ಎರಡರಷ್ಟಾದರೆ ಗಟ್ಟಿತನ ಎಂಟರಷ್ಟು ಅಂತ ನಾನು ಹತ್ತು ಮಾರ್ಕಿಗೆ ಬರೆದಿದ್ದೆ. ಅದರ ಕೆಳಗೇ ಮಲಗಿ ಬೆಳೆದಿದ್ದೆ. ಎರಡೂ ಒಂದೇ ಅಂತ ಗೊತ್ತಿರಲಿಲ್ಲ.

ಇಷ್ಟು ಹೇಳಿದರೆ, ‘ಹಾಗಾದ್ರೆ ನಿಜವೇ, ಬಾಯಿಪಾಠ ದಂಡ’ ಅನ್ನುತ್ತೀಯ. ನಾನೂ ಹಾಗೇ ಅಂದುಕೊಂಡೆ. ಅಲ್ಲೇ ನಾನು ಎಡವಿದ್ದು.

ಮಗಳು ಹುಟ್ಟಿದ್ದು 2008ರಲ್ಲಿ, ನ್ಯೂರೆಂಬರ್ಗ್‌ನಲ್ಲಿ. ಇವಳಿಗೆ ಏನನ್ನೂ ಉರು ಹೊಡೆಸುವುದಿಲ್ಲ ಅಂತ ಹಟ ತೊಟ್ಟಿದ್ದೆ. ಮಗ್ಗಿ ಇಲ್ಲ, ಪದ್ಯ ಇಲ್ಲ. 2016ರಲ್ಲಿ ಅಮ್ಮ ಮೂರು ತಿಂಗಳ ವೀಸಾದಲ್ಲಿ ಬಂದರು. ನಮ್ಮಪ್ಪನದು ಕೊಬ್ಬರಿ ವ್ಯಾಪಾರ, ಲೆಕ್ಕವೆಲ್ಲ ಅಮ್ಮನ ಬಾಯಲ್ಲೇ. ಅವರಿಗೆ ಮುಕ್ಕಾಲು ಮಗ್ಗಿಯೂ ಬರುತ್ತಿತ್ತು: ಎರಡು ಮುಕ್ಕಾಲು ಒಂದೂವರೆ, ಮೂರು ಮುಕ್ಕಾಲು ಎರಡೂಕಾಲು. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಮಗ್ಗಿ, ತಿಂಗಳು, 27 ನಕ್ಷತ್ರ ಹೇಳಿಸಲು ಶುರು ಮಾಡಿದರು. ಮಗು ಕುಣಿದುಕೊಂಡೇ ಹೇಳುತ್ತಿತ್ತು. ನಾನು ನಾಲ್ಕನೇ ದಿನ ನಿಲ್ಲಿಸಿದೆ. ‘ಅರ್ಥ ಇಲ್ಲದ್ದನ್ನ ಗಿಳಿ ಹಾಗೆ ಹೇಳಿಸಬೇಡಮ್ಮ, ಇಲ್ಲಿ ಅದು ನಡೆಯಲ್ಲ’ ಅಂದೆ. ‘ಬಾಯಿಗೆ ಮೊದ್ಲು ಬರಲಿ, ಅರ್ಥ ಹಿಂದೆ ಬರುತ್ತೆ’ ಅಂದರು ಅಮ್ಮ. ನಾನು ಸೋಲಲಿಲ್ಲ. ಅವರೂ ಮತ್ತೆ ಹೇಳಿಸಲಿಲ್ಲ. ಉಳಿದ ದಿನ ಸಂಜೆ ಟೀವಿ ಹಾಕಿಕೊಂಡು ಕೂರುತ್ತಿದ್ದರು, ಭಾಷೆಯೂ ತಿಳಿಯದ ಟೀವಿ.

ಅವರು ವಾಪಸ್ ಹೋದ ಮೇಲೆ ಶಾಲೆಯಿಂದ ಚೀಟಿ ಬಂತು: ಹತ್ತರವರೆಗಿನ ಮಗ್ಗಿ ಬಾಯಲ್ಲಿರಬೇಕು, ಮನೆಯಲ್ಲಿ ದಿನಾ ಹೇಳಿಸಿ! ಇವರು ಅದನ್ನು ಐನ್‌ಮಾಲ್‌ಐನ್ಸ್ ಅನ್ನುತ್ತಾರೆ. ಮೊದಲು ಚುಕ್ಕಿ ಇಟ್ಟು, ಗುಂಪು ಮಾಡಿ ಅರ್ಥ ಮಾಡಿಸುತ್ತಾರೆ, ನಿಜ. ಆಮೇಲೆ ಉರು ಹೊಡೆಸಿಯೇ ಹೊಡೆಸುತ್ತಾರೆ. ಪದ್ಯವನ್ನೂ ಬಾಯಿಪಾಠ ಮಾಡಿಸುತ್ತಾರೆ. ಇನ್ನು ಇವರ ಭಾಷೆ! ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಪದಕ್ಕೆ ಮೊದಲು ಅದರ ಲಿಂಗಕ್ಕೆ ತಕ್ಕಂತೆ ಡೇರ್, ಡೀ, ಡಾಸ್ ಸೇರಿಸಬೇಕು. ಯಾಕೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಉರು ಹೊಡೆಯದೆ ಗತಿಯಿಲ್ಲ. ಹಾಗಾಗಿ ನಿನ್ನ ಮಗಳ ನೆನಪಿನ ಶಕ್ತಿ ಇಲ್ಲಿ ಮೊದಲ ವರ್ಷವೇ ಕೈ ಹಿಡಿಯುತ್ತದೆ. ಅದನ್ನು ಹೀಗಳೆಯಬೇಡ.

ನನ್ನ ಮಗಳಿಗೆ ಏಳೆಂಟ್ಲೆ ಎಷ್ಟು ಅಂದರೆ ಎಂಟೆಂಟು ಚುಕ್ಕಿಯ ಏಳು ಸಾಲು ಬರೆಯುತ್ತಿದ್ದಳು. ಅರ್ಥ ಚೆನ್ನಾಗಿಯೇ ಆಗಿತ್ತು. ಅಷ್ಟರಲ್ಲಿ ಪಕ್ಕದ ಹುಡುಗ ಮುಂದಿನ ಎರಡು ಲೆಕ್ಕ ಮುಗಿಸಿರುತ್ತಿದ್ದ.

ಇದು ಇಲ್ಲಿ ಯಾಕೆ ಮುಖ್ಯ ಅಂದರೆ, ಎರ್ಲಾಂಗೆನ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ವಿಂಗಡಿಸುತ್ತಾರೆ. ಇಲ್ಲಿನ ಅಂಕಗಳಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಫೇಲ್. (ಮೊದಲ ಸಲ 1 ಬಂದಾಗ ನನ್ನ ಯಜಮಾನರು ಮುಖ ಸಣ್ಣ ಮಾಡಿಕೊಂಡಿದ್ದರು.) ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ 2.33ರವರೆಗೆ ಇದ್ದರೆ ಗಿಮ್ನಾಜಿಯುಮ್, ಅಂದರೆ ನೇರ ಯೂನಿವರ್ಸಿಟಿಯ ದಾರಿಯ ಶಾಲೆ; 2.66ರವರೆಗೆ ಇದ್ದರೆ ರಿಯಾಲ್‌ಶೂಲೆ, ಹತ್ತನೇ ಕ್ಲಾಸಿಗೆ ಮುಗಿಯುವ ಶಾಲೆ. ನನ್ನ ಮಗಳಿಗೆ ಬಂದದ್ದು 3, 3, 2. ಲೆಕ್ಕ ಹಾಕಿ ನೋಡು, 2.66, ರಿಯಾಲ್‌ಶೂಲೆ. ಮಗ್ಗಿ ಬಾಯಲ್ಲಿದ್ದಿದ್ದರೆ ಗಣಿತದಲ್ಲಿ 2 ಬರುತ್ತಿತ್ತು ಅಂತ ನಾನು ಈಗಲೂ ಅಂದುಕೊಳ್ಳುತ್ತೇನೆ. ಅವಳಿಗೆ ಆ ಕೊರಗಿಲ್ಲ. ರಿಯಾಲ್‌ಶೂಲೆ ಮುಗಿಸಿ ಮುಂದೆ ಓದುತ್ತಿದ್ದಾಳೆ, ದಾರಿ ಅಲ್ಲಿಗೇನೂ ಮುಚ್ಚಿಹೋಗುವುದಿಲ್ಲ. ನಿನ್ನ ಮಗಳು ಸೆಪ್ಟೆಂಬರ್‌ನಲ್ಲಿ ಮೂರನೇ ಕ್ಲಾಸಿಗೆ ಸೇರಿದರೆ ಅವಳಿಗೆ ಸಿಗುವುದು ಎರಡು ವರ್ಷಕ್ಕಿಂತ ಕಡಿಮೆ. ಹೊಸದಾಗಿ ಬಂದ ಮಕ್ಕಳಿಗೆ ಸ್ವಲ್ಪ ರಿಯಾಯಿತಿ ಇದೆ, ಶಾಲೆಯಲ್ಲೇ ಕೇಳು. ಟ್ಯೂಷನ್ ಈಗಲೇ ಬೇಡ.

ಅದಕ್ಕಿಂತ ಬೇರೆ ಒಂದು ತಯಾರಿ ಮಾಡಿಸು. ನಮ್ಮಲ್ಲಿ ಮಗು ಸುಮ್ನೆ ಕೂತರೆ ‘ಎಷ್ಟು ಒಳ್ಳೇದು, ಬಾಯೇ ಬಿಡಲ್ಲ’ ಅಂತ ಹೊಗಳುತ್ತೇವೆ. ಇಲ್ಲಿ ಕ್ಲಾಸಿನಲ್ಲಿ ಬಾಯಿ ಬಿಡುವುದಕ್ಕೂ ಅಂಕ ಇದೆ. ತೋರುಬೆರಳು ಎತ್ತಬೇಕು, ತಪ್ಪೋ ಸರಿಯೋ ಹೇಳಬೇಕು. ಉತ್ತರ ಸರಿಯಿದ್ದರೂ ‘ಹೇಗೆ ಗೊತ್ತಾಯ್ತು’ ಅಂತ ಕೇಳುತ್ತಾರೆ. ಅದನ್ನು ಈಗಿನಿಂದಲೇ ಮನೆಯಲ್ಲಿ ಕೇಳು. ಆರಾರ್ಲೆ ಮೂವತ್ತಾರು ಅಂದಳಾ, ಹಾಗಾದ್ರೆ ಆರೇಳ್ಲೆ ಎಷ್ಟು, ಮೊದಲಿನಿಂದ ಹೇಳದೆ ಹೇಳು ಅನ್ನು. ನನಗೆ ಹಾಗೆ ಯಾರಾದರೂ ಕೇಳಿದ್ದಿದ್ದರೆ ಆ ಸ್ಕೇಲಿನ ಮುಂದೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಅಮ್ಮ 2021ರಲ್ಲಿ ತೀರಿಕೊಂಡರು. ಹೋದ ವರ್ಷ ಜೂನ್‌ನಲ್ಲಿ ತಮ್ಮ ಫೋನ್ ಮಾಡಿ ‘ಆರಿದ್ರಾ ಮಳೆ ಹಿಡಿದಿದೆ’ ಅಂದ. ಪಕ್ಕದಲ್ಲಿದ್ದ ಮಗಳು ಆರಿದ್ರಾ ಅಂದರೇನು ಅಂತ ಕೇಳಿದಳು. ನಕ್ಷತ್ರದ ಹೆಸರು, ಹದಿಮೂರು ಹದಿನಾಲ್ಕು ದಿನಕ್ಕೊಂದು, ಅದರ ಮೇಲೇ ರೈತರು ಮಳೆ ಎಣಿಸುತ್ತಾರೆ ಅಂತ ಹೇಳುವಾಗ ನನಗೇ ಹೊಳೆಯಿತು. ಅಮ್ಮ ಹೇಳಿಸುತ್ತಿದ್ದದ್ದು ಬಿತ್ತನೆಯ ಲೆಕ್ಕ. ನಾನು ಅದನ್ನೇ ಅರ್ಥ ಇಲ್ಲದ್ದು ಅಂದಿದ್ದೆ. ‘ಆರಿದ್ರಾ ಆದ್ಮೇಲೆ ಯಾವ್ದು?’ ಅಂದಳು. ಅಶ್ವಿನಿ, ಭರಣಿಯಿಂದಲೇ ಶುರು ಮಾಡಬೇಕಾಯಿತು. ಪುನರ್ವಸು, ಪುಷ್ಯ, ಆಶ್ಲೇಷ, ಮಖಾ. ಅಲ್ಲಿಗೆ ನಿಂತಿತು.

ಅಕ್ಕಿ, ಬೇಳೆ, ಸಾಂಬಾರ್ ಪುಡಿ ಏನನ್ನೂ ನನಗಾಗಿ ಹೊತ್ತು ತರಬೇಡ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗಳಲ್ಲಿ ಮಗ್ಗಿ ಪುಸ್ತಕ ಸಿಗುತ್ತದಲ್ಲ, ಹಿಂದಿನ ಪುಟಗಳಲ್ಲಿ ತಿಂಗಳು, ಋತು, ನಕ್ಷತ್ರ ಎಲ್ಲ ಇರುವಂಥದ್ದು, ಅದನ್ನು ಮಗಳಿಗೆ ಒಂದು ತೊಗೋ. ನನಗೂ ಒಂದು ತಾ.