ಬೆಳೆ ಹಾಳು ಮಾಡುವ ಕಾಡುಪ್ರಾಣಿಯನ್ನು ಕೊಲ್ಲುವುದು ತಪ್ಪೇ?

ಎಲ್ಲ ಸಲವೂ ತಪ್ಪು ಅನ್ನಲಾರೆ. ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಕಳೆದುಕೊಂಡವರಿಗೆ ದೂರದಲ್ಲಿ ಕೂತು ದಯೆಯ ಪಾಠ ಹೇಳುವುದು ಸುಲಭ, ಅಲ್ವಾ? ಆದರೆ ಪ್ರಾಣಿಗೆ ಇರುವುದು ಹಸಿವು, ದುರುದ್ದೇಶವಲ್ಲ. ಹಾಗಾಗಿ ಶಿಕ್ಷೆ ಅಂತ ಕೊಲ್ಲುವುದರಲ್ಲಿ ಅರ್ಥವಿಲ್ಲ.

ಕೊಂದರೆ ನಷ್ಟ ನಿಲ್ಲುತ್ತದೆಯೇ ಅಂತ ಮೊದಲು ನೋಡಬೇಕು. ಕಾಡುಹಂದಿ ಒಂದೇ ಸೂಲಿಗೆ ನಾಲ್ಕೈದು ಮರಿ ಹಾಕುತ್ತದೆ, ಖಾಲಿಯಾದ ಜಾಗ ಬೇಗ ತುಂಬುತ್ತದೆ. 1958ರಲ್ಲಿ ಚೀನಾದಲ್ಲಿ ಕಾಳು ತಿನ್ನುತ್ತವೆ ಅಂತ ಗುಬ್ಬಚ್ಚಿಗಳನ್ನು ರಾಶಿ ರಾಶಿ ಕೊಂದರು. ಆಮೇಲೆ ಕೀಟಗಳು ಜಾಸ್ತಿಯಾಗಿ, 1960ರಲ್ಲಿ ಗುಬ್ಬಚ್ಚಿಯನ್ನು ಕೊಲ್ಲಬೇಕಾದ ಪೀಡೆಗಳ ಪಟ್ಟಿಯಿಂದಲೇ ಕೈಬಿಟ್ಟರು.

ಬೇಲಿ, ಕಾವಲು ಎಲ್ಲ ಸೋತ ಮೇಲೆ, ಕಾನೂನು ಒಪ್ಪಿದರೆ, ಪಳಗಿದ ಕೈಯ ಒಂದೇ ಗುಂಡನ್ನು ಒಪ್ಪುತ್ತೇನೆ. ಉರುಳು, ವಿಷ, ಸಿಡಿಮದ್ದು ಮಾತ್ರ ಬೇಡವೇ ಬೇಡ. ಅವು ನರಳಿಸಿ ಸಾಯಿಸುತ್ತವೆ, ಬೆಳೆ ಮುಟ್ಟದ ಪ್ರಾಣಿಯನ್ನೂ ಬಿಡುವುದಿಲ್ಲ.