ಕೊರ್ಸೇರ್‌ಗೆ ಮೊದಲು ಬಿಸಿಲು, ಕೊನೆಗೆ ಬೆಳ್ಳಿ ಬಣ್ಣ

ನೀವು ಜೋಡಿಸಿದ ಕೊರ್ಸೇರ್ ಯುದ್ಧವಿಮಾನದ 1:48 ಅಳತೆಯ ಮಾದರಿಯ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಜೋಡಣೆ ಬಹಳ ಅಚ್ಚುಕಟ್ಟಾಗಿದೆ, ರೆಕ್ಕೆಯ ಬುಡದ ಸಂದು ಕಾಣುವುದೇ ಇಲ್ಲ. 1943ರಲ್ಲಿ ಪೆಸಿಫಿಕ್‌ನ ಸೊಲೊಮನ್ ದ್ವೀಪಗಳಲ್ಲಿ ಹಾರಿದ ಎಫ್‌4ಯು-1 (ಕೊರ್ಸೇರ್‌ನ ಮೊದಲ ಮಾದರಿ) ವಿಮಾನದಂತೆ ಕಾಣಬೇಕಾದರೆ, ಬಣ್ಣ ಕಿತ್ತು ಲೋಹ ಕಾಣುವಂತೆ ತೋರಿಸುವ ಬೆಳ್ಳಿ ಬಣ್ಣದ ಚುಕ್ಕೆಗಳನ್ನು ಎಲ್ಲೆಲ್ಲಿ ಇಡಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಬೆಳ್ಳಿ ಡಬ್ಬಿಯನ್ನು ಈಗಲೇ ತೆರೆಯಬೇಡಿ. ಅದು ಕಟ್ಟಕಡೆಯ ಕೆಲಸ, ಅತಿ ಸಣ್ಣ ಕೆಲಸವೂ ಹೌದು.

ಅಮೆರಿಕದ ಮರೀನ್ ಪಡೆಯ ವಿಎಂಎಫ್-124 ದಳ ಈ ವಿಮಾನಗಳೊಂದಿಗೆ ಅಲ್ಲಿನ ಗ್ವಾಡಲ್‌ಕೆನಾಲ್ ದ್ವೀಪಕ್ಕೆ ಬಂದದ್ದು 1943ರ ಫೆಬ್ರವರಿಯಲ್ಲಿ. ಆಗಸ್ಟ್ ಹೊತ್ತಿಗೆ ಅದೇ ದ್ವೀಪಸಮೂಹದ ಮುಂಡಾ ವಿಮಾನ ನೆಲೆಯಿಂದಲೂ ಹಾರಾಟ ನಡೆಯುತ್ತಿತ್ತು. ಅಂದರೆ ಇವು ತುಕ್ಕು ಹಿಡಿದ ಹಳೆಯ ವಿಮಾನಗಳಲ್ಲ, ಕೆಲವೇ ತಿಂಗಳು ಬಯಲಲ್ಲಿ ನಿಂತು ಬಿಸಿಲು, ಮಳೆ, ಹವಳದ ಪುಡಿ ತಿಂದ ಹೊಸ ವಿಮಾನಗಳು. ಹಾಗಾಗಿ ಬಣ್ಣ ಮಾಸುವುದೇ ಇಲ್ಲಿ ಮುಖ್ಯ, ಬಣ್ಣ ಕೀಳುವುದಲ್ಲ.

ಮೇಲ್ಭಾಗದ ನೀಲಿ ಬೂದು ಬಣ್ಣವನ್ನು ಒಂದೇ ಸಮ ಹೊಡೆದು ಮುಗಿಸಬೇಡಿ. ಮೂಲ ಬಣ್ಣ ಒಣಗಿದ ಮೇಲೆ ಅದಕ್ಕೇ ಸ್ವಲ್ಪ ತಿಳಿ ಬೂದು, ಒಂದೆರಡು ಹನಿ ಮರಳು ಬಣ್ಣ ಬೆರೆಸಿ, ಹಾಲಿಗಿಂತ ತೆಳ್ಳಗೆ ಮಾಡಿ, ಪ್ರತಿ ಫಲಕದ ನಡುವೆ ಏರ್‌ಬ್ರಷ್‌ನಿಂದ ಮೋಡ ಮೋಡವಾಗಿ ಬಿಡಿ. ಬರೀ ಬಿಳಿ ಬೆರೆಸಿದರೆ ಬಣ್ಣ ಆಟಿಕೆಯಂತಾಗುತ್ತದೆ. ರೆಕ್ಕೆ ಮತ್ತು ಬೆನ್ನಿಗೆ ಬಿಸಿಲು ನೇರವಾಗಿ ಬೀಳುತ್ತದೆ, ಅಲ್ಲಿ ಹೆಚ್ಚು. ಪಕ್ಕಗಳಲ್ಲಿ ಕಡಿಮೆ.

ಇಲ್ಲಿ ಒಂದು ವಿಷಯ ಗಮನಿಸಿ. ಕೊರ್ಸೇರ್‌ನ ಹೊರ ರೆಕ್ಕೆಯಲ್ಲಿ ಮುಖ್ಯ ತೊಲೆಯಿಂದ ಹಿಂದಕ್ಕೆ ಇರುವುದು ತಗಡಲ್ಲ, ಬಟ್ಟೆ. ಏಲೆರಾನ್‌ಗಳು, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಿಂದಂಚಿನ ಚಲಿಸುವ ಫಲಕಗಳು, ಪ್ಲೈವುಡ್‌ನವು. ಬಟ್ಟೆಯ ಭಾಗಕ್ಕೆ ತಗಡಿಗಿಂತ ಒಂದು ಛಾಯೆ ತಿಳಿಯಾದ ಬಣ್ಣ ಕೊಡಿ. ಬಟ್ಟೆ, ಮರ ಎರಡರ ಮೇಲೂ ಒಂದೇ ಒಂದು ಬೆಳ್ಳಿ ಚುಕ್ಕೆಯೂ ಬೇಡ. ನಿಮ್ಮ ಚಿತ್ರದಲ್ಲಿ ಏಲೆರಾನ್ ಅಂಚಿಗೆ ಪೆನ್ಸಿಲ್ ಗುರುತು ಹಾಕಿಕೊಂಡಿದ್ದೀರಿ, ಅದನ್ನು ಅಳಿಸಿಬಿಡಿ. ಮೈಯ ತಗಡುಗಳನ್ನು ಬಹುಪಾಲು ಸ್ಪಾಟ್ ವೆಲ್ಡಿಂಗ್‌ನಿಂದ (ಚುಕ್ಕೆ ಚುಕ್ಕೆಯಾಗಿ ಬೆಸೆಯುವುದು) ಕೂಡಿಸಿದ್ದರಿಂದ ಅಲ್ಲಿ ರಿವೆಟ್ ಮೊಳೆಗಳ ಸಾಲುಗಳನ್ನು ಎತ್ತಿ ತೋರಿಸುವ ಅಗತ್ಯವೂ ಇಲ್ಲ.

ಅಮೆರಿಕದ ವಿಮಾನಗಳ ಗುರುತಾದ ನಕ್ಷತ್ರದಲ್ಲಿ, ಬಣ್ಣ ಮಾಸಿದ್ದನ್ನು ತೋರಿಸಲು ಒಳ್ಳೆಯ ಅವಕಾಶವಿದೆ. 1943ರ ಜೂನ್ ಕೊನೆಯಲ್ಲಿ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು ಸೇರಿಸಲು ಆದೇಶವಾಯಿತು. ಆಗಸ್ಟ್‌ನಲ್ಲಿ ಕೆಂಪಿನ ಬದಲು ನೀಲಿ ಅಂಚು ಬಂತು. ಮೊದಲೇ ಬಂದಿದ್ದ ವಿಮಾನಗಳಿಗೆ ಇದನ್ನೆಲ್ಲ ಬಯಲಲ್ಲೇ ಕುಂಚ ಹಿಡಿದು ಬಳಿದರು. ಆದ್ದರಿಂದ ನಕ್ಷತ್ರ ಮಾಸಿರಲಿ, ಪಟ್ಟಿಗಳು ಹೊಸ ಬಿಳಿಯಾಗಿರಲಿ, ಅಂಚಿನ ನೀಲಿ ಗಾಢವಾಗಿ ಸ್ವಲ್ಪ ಅಂಕುಡೊಂಕಾಗಿರಲಿ. ಇದಕ್ಕಾಗಿ ಡಿಕ್ಯಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಚಿತ್ರ) ಬಿಟ್ಟು ಮಾಸ್ಕಿಂಗ್ ಟೇಪ್ ಹಚ್ಚಿ ಬಣ್ಣ ಹೊಡೆಯುವುದೇ ಲೇಸು.

ಚಾಲಕನ ಮುಂದೆ ಸುಮಾರು 900 ಲೀಟರ್‌ನ ಇಂಧನ ಟ್ಯಾಂಕ್ ಇತ್ತು. ಅದರ ಮೇಲಿನ ಫಲಕಗಳ ಸಂದಿನಿಂದ ಪೆಟ್ರೋಲ್ ಜಿನುಗಿ ಗಾಜಿನತ್ತ ಬರುತ್ತಿದ್ದುದರಿಂದ ಸಂದುಗಳಿಗೆ ಟೇಪ್ ಅಂಟಿಸುತ್ತಿದ್ದರು. ಕೊರ್ಸೇರ್ ಎಂದರೆ ನನಗೆ ಮೊದಲು ಕಣ್ಣಿಗೆ ಬರುವುದೇ ಆ ಬಿಳಿಚಿದ ಪಟ್ಟಿಗಳು. ಒಂದು ಮಿಲಿಮೀಟರ್ ಅಗಲದ ಸಂದು ಬಿಟ್ಟು ಎರಡೂ ಕಡೆ ಮುಚ್ಚಿ, ಕೊಳೆಯಾದ ಬಿಳಿ ಬಣ್ಣವನ್ನು ತೆಳ್ಳಗೆ ಹೊಡೆಯಿರಿ. ಕೆಲವು ತುದಿಗಳು ಸುಲಿದಂತೆ ಕಾಣಲಿ.

ಇದಾದ ಮೇಲೆ ಹೊಳಪಿನ ವಾರ್ನಿಷ್ ಹಾಕಿ, ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಕರಾವಳಿಯವರು ಇನ್ನೂ ಒಂದು ದಿನ ಹೆಚ್ಚು ಕಾಯುವುದು ಒಳ್ಳೆಯದು. ಮುಂದಿನದು ವಾಷ್, ಅಂದರೆ ಫಲಕಗಳ ಸಂದುಗಳಿಗೆ ಹರಿಸುವ ತೆಳು ಬಣ್ಣ; ಅದಕ್ಕೆ ದುಬಾರಿ ಬಾಟಲಿ ಬೇಕಿಲ್ಲ. ಚಿತ್ರಕಲೆಯ ಸಾಮಗ್ರಿ ಅಂಗಡಿಯ ಆಯಿಲ್ ಬಣ್ಣ, ಟರ್ಪೆಂಟೈನ್ ಸಾಕು; ವಾರ್ನಿಷ್ ಮಾತ್ರ ಅಕ್ರಿಲಿಕ್ ಆಗಿರಬೇಕು. ಮೇಲೆ ಕಡುಗಂದು ಬೂದು, ಕೆಳಗಿನ ತಿಳಿ ಬೂದು ಬಣ್ಣದ ಮೇಲೆ ಅದಕ್ಕಿಂತ ತುಸು ಗಾಢವಾದ ಬೂದು. ಕಪ್ಪು ವಾಷ್ ಹಾಕಿದರೆ ವಿಮಾನ ಗೆರೆ ಎಳೆದ ನಕ್ಷೆಯಂತಾಗುತ್ತದೆ.

ಎಕ್ಸಾಸ್ಟ್ (ಎಂಜಿನ್ ಹೊಗೆ ಹೊರಬಿಡುವ ಕೊಳವೆ) ಮಸಿ ಎಂಜಿನ್‌ನ ಹಿಂದೆ, ಮೈಯ ಕೆಳಭಾಗದಲ್ಲಿ ಬರಬೇಕು. ಮೊದಲು ಅಗಲವಾಗಿ ಕಂದು, ಅದರೊಳಗೆ ಕಿರಿದಾಗಿ ಕಪ್ಪು, ನಡುವೆ ತೆಳು ಬೂದು. ಮೂರೂ ಗಾಳಿ ಹರಿಯುವ ದಿಕ್ಕಿನಲ್ಲೇ ಇರಲಿ. ಬಂದೂಕುಗಳ ಬಾಯಿಗೆ ಧೂಳು ಹೋಗದಂತೆ ಟೇಪ್ ಅಂಟಿಸುತ್ತಿದ್ದರು. ಟೇಪ್ ಹರಿಯದೆ ಇದೆಯೆಂದರೆ ವಿಮಾನ ಇನ್ನೂ ಹೊರಟಿಲ್ಲ. ಹಾಗಿದ್ದರೆ ರೆಕ್ಕೆಯಡಿಯ ಖಾಲಿ ತೋಟೆ ಬೀಳುವ ಕಿಂಡಿಗಳ ಹಿಂದೆ ಹೊಸ ಮಸಿ ಇರಬಾರದು. ಹೊರಡುವ ಮುಂಚಿನ ವಿಮಾನವೋ, ಮರಳಿ ಬಂದದ್ದೋ ಮೊದಲೇ ತೀರ್ಮಾನಿಸಿ.

ಮುಂಡಾದ ರನ್‌ವೇ ಪುಡಿ ಮಾಡಿದ ಹವಳದ್ದು, ಕೆಂಪು ಮಣ್ಣಿನದಲ್ಲ. ಬಿಳಿ ಮತ್ತು ತಿಳಿಹಳದಿ ಒಣ ಪೇಸ್ಟಲ್ ಕಡ್ಡಿಗಳನ್ನು ಮರಳು ಕಾಗದದ ಮೇಲೆ ಉಜ್ಜಿ, ಆ ಪುಡಿಯನ್ನು ಟೈರ್, ಚಕ್ರದ ಕಾಲು, ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಯುವ ಫ್ಲಾಪ್‌ಗಳ ಅಡಿಭಾಗ, ಬಾಲದ ಚಕ್ರದ ಸುತ್ತ ಒಣ ಕುಂಚದಿಂದ ಒತ್ತಿ. ಇದನ್ನು ಮ್ಯಾಟ್ ವಾರ್ನಿಷ್ ಆದ ಮೇಲೆಯೇ ಮಾಡಿ, ಇಲ್ಲದಿದ್ದರೆ ಪುಡಿಯ ಅರ್ಧ ಭಾಗ ಮಾಯವಾಗುತ್ತದೆ.

ಈಗ ಬೆಳ್ಳಿ. ಪ್ರೊಪೆಲ್ಲರ್ ಅಲಗುಗಳ ಮುಂದಂಚು, ಎಂಜಿನ್ ಹೊದಿಕೆಯ ತಿರುಪುಗಳು, ಬಂದೂಕಿನ ಮುಚ್ಚಳಗಳ ಅಂಚು, ಮತ್ತು ಬಲ ರೆಕ್ಕೆಯ ಬುಡ. ಚಾಲಕ ಹತ್ತುತ್ತಿದ್ದುದು ಬಲಗಡೆಯಿಂದ, ಹಾಗಾಗಿ ಎಡಕ್ಕಿಂತ ಬಲ ಹೆಚ್ಚು ಸವೆದಿರಲಿ. ಮೊದಲು ಸ್ಪಂಜಿನ ಚೂರಿನಿಂದ ಹಳದಿ ಮಿಶ್ರಿತ ಹಸಿರು ಪ್ರೈಮರ್ (ಲೋಹಕ್ಕೆ ಮೊದಲು ಬಳಿಯುವ ತಳಪದರ) ಬಣ್ಣ ತಟ್ಟಿ, ಅದರ ನಡುವೆ ಮಾತ್ರ ಸೂಜಿ ಮೊನೆಯಷ್ಟು ಬೆಳ್ಳಿ ಇಡಿ.

ಡಿಕ್ಯಾಲ್ ಹಾಕುವ ಮೊದಲು ಹೊಟ್ಟೆಯ ಭಾಗದ ಚಿತ್ರವೊಂದನ್ನು ಇಲ್ಲಿ ಹಾಕಿ. ಎಕ್ಸಾಸ್ಟ್ ಕೊಳವೆಗಳನ್ನು ಹೇಗೆ ಕೂರಿಸಿದ್ದೀರಿ ಎಂದು ನೋಡಿ, ಮಸಿ ಎಲ್ಲಿಂದ ಶುರುವಾಗಬೇಕು ಎಂದು ಗುರುತು ಮಾಡಿ ಕಳುಹಿಸುತ್ತೇನೆ.