ಸಿಂಹಗಡದ ಹಸಿರು ಕಲ್ಲು ಪಾತಾಳಕ್ಕೆ ಹೋಗಿ ಬಂದದ್ದೇ?

ಪ್ರಶ್ನೆ: ಸಿಂಹಗಡದ ದಾರಿಯಲ್ಲಿ ಹಸಿರು ಚುಕ್ಕೆಗಳ ಕರಿಕಲ್ಲು ಸಿಕ್ಕಿದೆ. ಸಾಗರತಳದ ಬಸಾಲ್ಟ್ ಎಂಬ ಲಾವಾಕಲ್ಲು ಭೂಮಿಯೊಳಕ್ಕೆ ಜಾರಿದರೆ ಎಕ್ಲೊಗೈಟ್ ಎಂಬ ಹಸಿರು ಕಲ್ಲಾಗುತ್ತದೆಂದು ಓದಿದ್ದೆ. ಇದು ಅದೇನಾ? ಮನೆಯಲ್ಲಿ ಪರೀಕ್ಷಿಸಬಹುದೇ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಅದಲ್ಲ. ಸಿಂಹಗಡದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಮೇಲೆ ಹರಿದ ಲಾವಾ. ಆಳಕ್ಕೆ ಇಳಿದದ್ದೇ ಇಲ್ಲ. ಲಾವಾದ ಗುಳ್ಳೆಗಳು ಬಿಟ್ಟ ಪೊಳ್ಳುಗಳಲ್ಲಿ ನೀರು ಹರಿದು ಸೆಲಡೊನೈಟ್, ಕ್ಲೋರೈಟ್‌ನಂಥ ಹಸಿರು ಖನಿಜ ಕೂತಿರುತ್ತದೆ.

ಎಕ್ಲೊಗೈಟ್ ಹುಟ್ಟುವ ಬಗೆ ಬೇರೆ. ಭೂಮಿಯ ಮೇಲ್ಪದರದಲ್ಲಿ ಸಾಮಾನ್ಯವಾಗಿ ಕಿಲೋಮೀಟರ್ ಇಳಿದಂತೆ 25–30 ಡಿಗ್ರಿ ಶಾಖ ಏರುತ್ತದೆ. ಜಾರಿ ಇಳಿಯುವ ಸಾಗರಫಲಕ ವರ್ಷಕ್ಕೆ ಹಲವು ಸೆಂಟಿಮೀಟರ್ ಮುಳುಗುತ್ತದೆ. ಕಲ್ಲಿಗೆ ಅಷ್ಟು ಬೇಗ ಕಾಯುವುದು ಆಗದು. ಅಲ್ಲಿ ಏರಿಕೆ ಎಷ್ಟೋ ಕಡೆ 10 ಡಿಗ್ರಿಗೂ ಕಡಿಮೆ. ಒತ್ತಡ ಮೊದಲು ಬರುತ್ತದೆ, ಶಾಖ ಹಿಂದೆ ಉಳಿಯುತ್ತದೆ. ಹೀಗಾಗಿ ಮೊದಲು ಗ್ಲಾಕೊಫೇನ್, ಲಾಸೊನೈಟ್ ಎಂಬ ಖನಿಜಗಳಿರುವ ನೀಲಿ ಶಿಸ್ಟ್ (ಪದರುಪದರಾದ ಕಲ್ಲು) ಆಗುತ್ತದೆ. ಇನ್ನೂ ಆಳದಲ್ಲಿ ಈ ಖನಿಜಗಳು ಒಡೆದು ನೀರು ಬಿಡುತ್ತವೆ. ಕೆಂಪು ಗಾರ್ನೆಟ್, ಹಸಿರು ಓಂಫಾಸೈಟ್ ಖನಿಜಗಳು ಉಳಿಯುತ್ತವೆ. ಇದೇ ಎಕ್ಲೊಗೈಟ್. ಬಿಟ್ಟ ನೀರು ಫಲಕದ ಮೇಲಿರುವ ಮ್ಯಾಂಟಲ್ (ಭೂಮಿಯ ಹೊರಚಿಪ್ಪಿನ ಕೆಳಗಿನ ಪದರ) ಸೇರಿ ಅದರ ಕರಗುವ ಬಿಂದುವನ್ನು ಇಳಿಸುತ್ತದೆ. ಜಪಾನ್, ಇಂಡೊನೇಷ್ಯಾಗಳ ಜ್ವಾಲಾಮುಖಿಗಳ ಮೂಲ ಅದೇ.

ಮೊದಲು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಹೊಸದಾಗಿ ಒಡೆದ ಮುಖ ನೋಡಿ. ಬಸಾಲ್ಟ್‌ನಲ್ಲಿರುವ ಪ್ಲಾಜಿಯೊಕ್ಲೇಸ್ ಖನಿಜದ ಬಿಳಿ ಕಡ್ಡಿಗಳು ಕಂಡರೆ ಅದು ಎಕ್ಲೊಗೈಟ್ ಅಲ್ಲ. ಎಕ್ಲೊಗೈಟ್‌ನಲ್ಲಿ ಪ್ಲಾಜಿಯೊಕ್ಲೇಸ್ ಉಳಿಯುವುದೇ ಇಲ್ಲ. ಅದರ ಸೋಡಿಯಂ ಓಂಫಾಸೈಟ್‌ಗೆ ಹೋಗಿರುತ್ತದೆ.

ಆಮೇಲೆ ಸಾಂದ್ರತೆ. ಪೊಳ್ಳಿಲ್ಲದ, ಕನಿಷ್ಠ 300 ಗ್ರಾಂ ತುಂಡನ್ನು ರಾತ್ರಿಯಿಡೀ ನೆನೆಸಿ, ಒರೆಸಿ ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಕಲ್ಲಿನ ತೂಕ 620 ಗ್ರಾಂ, ತಕ್ಕಡಿ ತೋರಿಸಿದ್ದು 210 ಎಂದಾದರೆ ಭಾಗಿಸಿ: 2.95. ಅದು ಬಸಾಲ್ಟ್. ಎಕ್ಲೊಗೈಟ್ 3.4ರ ಆಸುಪಾಸು. ಕಲ್ಲು ತಳಕ್ಕೆ ತಾಗಿದರೆ ಅಥವಾ ಗಾಳಿಗುಳ್ಳೆ ಅಂಟಿದರೆ ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ. 50 ಗ್ರಾಂ ಚೂರಿನಲ್ಲಿ ಒಂದು ಗ್ರಾಂ ತಪ್ಪಿದರೂ ಲೆಕ್ಕ ಕೆಟ್ಟಿತು. ಭಾರ ಒಂದನ್ನೇ ನಂಬಬೇಡಿ: ಗೋವಾದ ಒಳ್ಳೆಯ ಕಬ್ಬಿಣದ ಅದಿರು 4ನ್ನೂ ದಾಟುತ್ತದೆ.

ಪ್ರಶ್ನೆ: ಅಷ್ಟು ಆಳದ ಕಲ್ಲು ಮೇಲೆ ಬರುವಾಗ ಮತ್ತೆ ಮೊದಲಿನಂತೆ ಏಕೆ ಆಗುವುದಿಲ್ಲ?
– ಓದುಗರು, ಡೊಂಬಿವಲಿ, ಮುಂಬೈ

ಉತ್ತರ: ಬಹಳಷ್ಟು ಕಲ್ಲು ಬದಲಾಗಿಯೇ ಬಿಡುತ್ತದೆ. ನಿಧಾನವಾಗಿ ಏರಿ, ನಡುವೆ ನೀರು ಸಿಕ್ಕರೆ ಗ್ಲಾಕೊಫೇನ್ ಅಂಚಿನಿಂದ ಆಕ್ಟಿನೊಲೈಟ್, ಕ್ಲೋರೈಟ್ ಎಂಬ ಬೇರೆ ಖನಿಜಗಳಾಗುತ್ತಾ ಬರುತ್ತದೆ. ಬೇಗ ಏರಿದ, ಒಣಗಿದ ಕಲ್ಲಷ್ಟೇ ಆಳದ ಗುರುತು ಉಳಿಸಿಕೊಳ್ಳುತ್ತದೆ.

ಲಡಾಖಿನ ಶೆರ್ಗೋಲ್ ಬಳಿ ಸಾಗರಶಿಲೆಯ ನೀಲಿ ಶಿಸ್ಟ್ ಇದೆ. ಲಡಾಖಿನದೇ ತ್ಸೊ ಮೊರಿರಿ ಸರೋವರದ ಬಳಿಯ ಎಕ್ಲೊಗೈಟ್ ಸಾಗರತಳದ್ದಲ್ಲ, ಮುಳುಗಿದ ಭಾರತ ಖಂಡದ ಅಂಚಿನದು. ಅದರ ಗಾರ್ನೆಟ್‌ಗಳೊಳಗೆ ಕೋಯೆಸೈಟ್ (ಭಾರಿ ಒತ್ತಡದಲ್ಲಿ ಕ್ವಾರ್ಟ್ಜ್ ತಾಳುವ ರೂಪ) ಸಿಕ್ಕಿದೆ. ಸುಮಾರು 90 ಕಿಲೋಮೀಟರ್ ಆಳಕ್ಕೆ ಇಳಿಯದೆ ಅದು ಹುಟ್ಟದು. ಗಟ್ಟಿ ಗಾರ್ನೆಟ್ ಅದನ್ನು ಕುಕ್ಕರಿನಂತೆ ಒತ್ತಿ ಹಿಡಿದಿರುತ್ತದೆ. ಆ ಹಿಡಿತ ಸಡಿಲಿಸಿದರೆ ಕೋಯೆಸೈಟ್ ಕ್ವಾರ್ಟ್ಜ್ ಆಗಿ ಸುಮಾರು ಶೇ. 10ರಷ್ಟು ಹಿಗ್ಗುತ್ತದೆ, ಗಾರ್ನೆಟ್ ಸುತ್ತ ಬಿರುಕು ಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಕ್ವಾರ್ಟ್ಜ್ ಕಾಳಿನ ಸುತ್ತ ನಕ್ಷತ್ರದಂತೆ ಚಾಚಿದ ಬಿರುಕುಗಳೇ ಕಾಣುವುದು. ನಡುವೆ ಕೋಯೆಸೈಟ್ ಉಳಿದಿದೆಯೇ ಎಂದು ಆಮೇಲೆ ಹುಡುಕುತ್ತಾರೆ.